ಅಪ್ಪಯ್ಯನ ಪೆಟ್-ಸಿಟಿ ಸ್ಕ್ಯಾನ್: ಕೊಟ್ಟ ದುಡ್ಡಿಗೆ ಕೆಲಸ ಆಯ್ತಾ?

ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನ್ ಮಾಡಿದವರಿಗೆ ಐದಕ್ಕೆ ಐದು. ಫೋನಿನಲ್ಲಿ ಬುಕಿಂಗ್ ತೆಗೆದುಕೊಂಡವರಿಗೆ ಎರಡು ಕೊಡುವುದೂ ಕಷ್ಟ. ಸೆಂಟರಿನ ಹೆಸರು ಬರೆಯುವುದಿಲ್ಲ, ಘಟ್ಟದ ಕೆಳಗಿನದು ಅಂತ ಇಟ್ಟುಕೊಳ್ಳಿ ಸಾಕು. ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯಿಂದ ಮೂತ್ರಕೋಶದ ಕ್ಯಾನ್ಸರ್ ಪೇಷೆಂಟನ್ನು ಕರೆದುಕೊಂಡು ಎಲ್ಲಿಗೇ ಹೋದರೂ ಕೇಳಲೇಬೇಕಾದ ಕೆಲವು ವಿಷಯ ಇವೆ, ಅವು ನಮಗೆ ಅಲ್ಲಿಗೆ ಹೋದ ಮೇಲೆ ಗೊತ್ತಾದವು. ನಿಮಗೆ ಮನೆಯಲ್ಲೇ ಗೊತ್ತಾಗಲಿ ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಪ್ಪಯ್ಯನಿಗೆ 71 ವರ್ಷ. ಅಡಿಕೆ ತೋಟದ ಕೆಲಸ, ಜೊತೆಗೆ ಚಿಕ್ಕ ವಯಸ್ಸಿನಿಂದ ಬೀಡಿ. ಮೂತ್ರಕೋಶದ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ತಂಬಾಕಿನ ಹೊಗೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬೀಡಿ ಸೇದಿದರೆ ಶ್ವಾಸಕೋಶ ಹೋಗುತ್ತದೆ ಅಂತ ಮಾತ್ರ ಎಲ್ಲರೂ ಹೇಳುತ್ತಿದ್ದರು. ಹೊಗೆಯ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರದ ಜೊತೆ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುತ್ತದಂತೆ. ನೋವೇ ಇಲ್ಲದೆ ಮೂತ್ರದಲ್ಲಿ ರಕ್ತ ಬಂತು, ಹಾಗೇ ನಿಂತಿತು, ಮತ್ತೆ ಬಂತು. ಕ್ಯಾನ್ಸರ್ ಒಳಗಿನ ಸ್ನಾಯುವಿನವರೆಗೆ ಇಳಿದಿತ್ತು. ಹಾಗಾಗಿ ಮೂತ್ರಕೋಶವನ್ನೇ ತೆಗೆದು, ಸಣ್ಣ ಕರುಳಿನ ಒಂದು ತುಂಡಿನಿಂದ ಹೊಟ್ಟೆಯ ಮೇಲೆ ದಾರಿ ಮಾಡಿದರು. ಈಗ ಮೂತ್ರ ಅಲ್ಲಿಂದ ಒಂದು ಬ್ಯಾಗಿಗೆ ಬರುತ್ತದೆ.

ಆಪರೇಷನ್ ಆದಮೇಲೆ ಆಗಾಗ ಸಿಟಿ ಸ್ಕ್ಯಾನ್ ಮಾಡಿಸುತ್ತಿದ್ದೆವು. ಕೊನೆಯ ಸಿಟಿಯಲ್ಲಿ ಸೊಂಟದ ಒಳಗೆ, ಎಡಗಡೆ ರಕ್ತನಾಳದ ಪಕ್ಕ ಒಂದು ಸಣ್ಣ ದುಗ್ಧಗ್ರಂಥಿ (ಲಿಂಫ್ ನೋಡ್, ಸೋಂಕಾದರೆ ಊದಿಕೊಳ್ಳುವ ಗಂಟು) ಕಂಡಿತು. 7 ಮಿಲಿಮೀಟರ್. ಸಾಮಾನ್ಯವಾಗಿ ಸೊಂಟದ ಭಾಗದಲ್ಲಿ 8 ಮಿಲಿಮೀಟರ್ ದಾಟಿದರೆ, ಹೊಟ್ಟೆಯಲ್ಲಿ 10 ದಾಟಿದರೆ ಅನುಮಾನ ಪಡುತ್ತಾರೆ. ಅಂದರೆ ಇದು ಅಳತೆಯ ಪ್ರಕಾರ ಪಾಸ್. ಆದರೆ ಅಪ್ಪಯ್ಯನಿಗೆ ಸೊಂಟ ನೋವು ಶುರುವಾಗಿತ್ತು, ತೂಕವೂ ಇಳಿದಿತ್ತು. ಶಿವಮೊಗ್ಗದ ನಮ್ಮ ಡಾಕ್ಟ್ರು ಸಿಟಿ ಸಿಡಿಯನ್ನು ತುಂಬಾ ಹೊತ್ತು ನೋಡಿ, "ಗಾತ್ರ ನೋಡಿ ಸುಮ್ನೆ ಕೂರೋದು ಬೇಡ, ಒಂದು ಪೆಟ್-ಸಿಟಿ ಮಾಡಿಸಿ" ಅಂದರು.

ಸಿಟಿ ಆಕಾರ, ಅಳತೆ ತೋರಿಸುತ್ತದೆ. ಪೆಟ್ ತೋರಿಸುವುದು ಯಾವ ಜಾಗ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತಿದೆ ಅನ್ನುವುದನ್ನು. ಎಫ್‌ಡಿಜಿ ಅಂತ ಒಂದು ಮದ್ದು, ಗ್ಲೂಕೋಸಿಗೆ ಫ್ಲೋರಿನ್-18 ಎಂಬ ವಿಕಿರಣ ಬಿಡುವ ಪರಮಾಣುವನ್ನು ಸೇರಿಸಿ ಮಾಡಿದ್ದು. ಅದನ್ನು ನರಕ್ಕೆ ಕೊಟ್ಟು ಸುಮಾರು ಒಂದು ಗಂಟೆ ಕಾಯುತ್ತಾರೆ. ಕ್ಯಾನ್ಸರ್ ಕಣಗಳಿಗೆ ಸಕ್ಕರೆಯ ಹಸಿವು ಜಾಸ್ತಿ, ಅವು ಎಳೆದುಕೊಂಡು ಇಟ್ಟುಕೊಳ್ಳುತ್ತವೆ. ಆಮೇಲೆ ಮೆಷಿನ್ ಒಳಗೆ ಮಲಗಿಸಿದರೆ ಆ ಜಾಗಗಳು ಹೊಳೆಯುತ್ತವೆ, ಸಿಟಿ ಚಿತ್ರದ ಮೇಲೆ ಅದನ್ನು ಕೂರಿಸಿದರೆ ಹೊಳೆಯುವುದು ಯಾವ ಅಂಗ ಅಂತಲೂ ಗೊತ್ತಾಗುತ್ತದೆ. ಎಫ್‌ಡಿಜಿಯನ್ನು ಮನುಷ್ಯರಿಗೆ ಮೊದಲು ಕೊಟ್ಟಿದ್ದು 1976ರಲ್ಲಿ, ಎರಡೂ ಸೇರಿದ ಮೊದಲ ಮೆಷಿನ್ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕೆಲಸ ಶುರು ಮಾಡಿದ್ದು 1998ರಲ್ಲಿ. ಅಷ್ಟು ಹೊಸ ಸಾಮಾನು ಇವತ್ತು ನಮ್ಮಂಥ ತೋಟದ ಮನೆಯವರಿಗೂ ಸಿಗುತ್ತಿದೆ, ಅದಕ್ಕೆ ನನಗೆ ನಿಜವಾಗಿಯೂ ಖುಷಿ ಇದೆ.

ಆದರೆ ಮೂತ್ರಕೋಶದ ಕ್ಯಾನ್ಸರಿಗೆ ಇದರಲ್ಲಿ ಒಂದು ದೊಡ್ಡ ತೊಡಕಿದೆ, ಈ ಬರಹದ ಮುಖ್ಯ ವಿಷಯವೇ ಅದು. ನಾವು ತಿಂದ ಅನ್ನದ ಗ್ಲೂಕೋಸನ್ನು ಕಿಡ್ನಿ ಮೂತ್ರಕ್ಕೆ ಬಿಡುವುದಿಲ್ಲ, ಸೋಸಿದ ಮೇಲೂ ವಾಪಸ್ ಎಳೆದುಕೊಳ್ಳುತ್ತದೆ. ಎಫ್‌ಡಿಜಿಯನ್ನು ಹಾಗೆ ಪೂರ್ತಿ ವಾಪಸ್ ಎಳೆದುಕೊಳ್ಳುವುದಿಲ್ಲ. ಅದು ಮೂತ್ರದಲ್ಲಿ ಇಳಿದು ಬರುತ್ತದೆ. ಆಗ ಕಿಡ್ನಿ, ಮೂತ್ರನಾಳ, ಮೂತ್ರಕೋಶ, ಬ್ಯಾಗು ಎಲ್ಲವೂ ಹೊಳೆಯಲು ಶುರು. ಕತ್ತಲಲ್ಲಿ ಎದುರಿನ ಲಾರಿಯ ಹೆಡ್‌ಲೈಟ್ ಕಣ್ಣಿಗೆ ಬಿದ್ದರೆ ಪಕ್ಕದಲ್ಲಿ ನಡೆಯುವ ಮನುಷ್ಯ ಕಾಣುವುದಿಲ್ಲ ನೋಡಿ, ಮೂತ್ರಕೋಶದ ಗೋಡೆಯಲ್ಲಿ ಇರುವ ಸಣ್ಣ ಗಡ್ಡೆಯ ಕಥೆಯೂ ಅದೇ. ಅದಲ್ಲದೆ ಮೂತ್ರನಾಳದಲ್ಲಿ ಎಲ್ಲಾದರೂ ಒಂದು ಹನಿ ಮೂತ್ರ ನಿಂತಿದ್ದರೆ ಅದೂ ಒಂದು ಚುಕ್ಕಿಯಾಗಿ ಕಾಣುತ್ತದೆ. ದುಗ್ಧಗ್ರಂಥಿಗಳು ಇರುವುದೂ ಅದೇ ದಾರಿಯ ಪಕ್ಕದಲ್ಲಿ. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ?

ಇದಕ್ಕೆ ಉಪಾಯ ಇದೆ, ಅದೂ ಸರಳ. ಚೆನ್ನಾಗಿ ನೀರು ಕುಡಿಸುವುದು, ಲಾಸಿಕ್ಸ್ ಎಂಬ ಮದ್ದು ಕೊಟ್ಟು ಮೂತ್ರ ಹರಿಸುವುದು, ಖಾಲಿ ಮಾಡಿಸಿ ಸ್ವಲ್ಪ ಹೊತ್ತು ಬಿಟ್ಟು ಸೊಂಟದ ಭಾಗಕ್ಕೆ ಎರಡನೇ ಸಲ ಚಿತ್ರ ತೆಗೆಯುವುದು. ಕೆಲವು ಕಡೆ ಕ್ಯಾಥೆಟರ್ ಎಂಬ ನಳಿಕೆ ಹಾಕಿಯೂ ಮೂತ್ರಕೋಶ ತೊಳೆಯುತ್ತಾರೆ. ನಿಮ್ಮ ಸೆಂಟರ್ ಇದನ್ನು ಮಾಡುತ್ತದಾ ಇಲ್ಲವಾ, ಅದನ್ನು ಮೊದಲು ಕೇಳಿ. ಆಮೇಲೆ ರೇಟು ಕೇಳಿ.

ಈಗ ಫೋನಿನ ಕಥೆ. ಬುಕಿಂಗ್ ಮಾಡುವಾಗ ಹೇಳಿದ್ದು ಒಂದೇ ಮಾತು, "ಬೆಳಿಗ್ಗೆ ಏನೂ ತಿನ್ನಬೇಡಿ". ನೀರು ಕುಡಿಯಬಹುದು, ಕುಡಿಯಲೇಬೇಕು ಅಂತ ಹೇಳಲಿಲ್ಲ. ಹೊಟ್ಟೆ ಮೇಲೆ ಬ್ಯಾಗ್ ಇದೆ ಅಂತ ನಾನು ಹೇಳಿದರೂ ಅದನ್ನು ಬರೆದುಕೊಂಡಂತೆ ಅನಿಸಲಿಲ್ಲ. ಶುಗರ್ ಮಾತ್ರೆ ಬಗ್ಗೆ ಕೇಳಿದ್ದಕ್ಕೆ "ಡಾಕ್ಟ್ರನ್ನು ಕೇಳಿ" ಅಂದರು, ಯಾವ ಡಾಕ್ಟ್ರು ಅಂತ ಹೇಳಲಿಲ್ಲ. ರೇಟು ಹೇಳಿದ್ದೂ ಅರ್ಧ. ಕಾಂಟ್ರಾಸ್ಟ್ (ಸಿಟಿ ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಇಂಜೆಕ್ಷನ್) ಇದ್ದರೆ ಬೇರೆ, ಸಿಡಿಗೆ ಬೇರೆ ಅಂತ ಕೌಂಟರಿನಲ್ಲಿ ಗೊತ್ತಾಯಿತು. ಕಾಯಿಲೆಯವರ ಮನೆಯವರು ತಲೆ ಕೆಟ್ಟು ಫೋನ್ ಮಾಡಿರುತ್ತಾರೆ, ಒಂದು ಕಾಗದ ನೋಡಿಕೊಂಡು ಐದು ವಾಕ್ಯ ಓದಿ ಹೇಳಿದರೂ ಸಾಕಿತ್ತು. ಇದು ನನಗೆ ಈಗಲೂ ಬೇಜಾರು.

ಹಾಗಾಗಿ ಅವರು ಹೇಳದ್ದನ್ನು ನಾನು ಹೇಳುತ್ತೇನೆ. ನಾಲ್ಕರಿಂದ ಆರು ಗಂಟೆ ಖಾಲಿ ಹೊಟ್ಟೆ ಬೇಕು. ನೀರು ಕುಡಿಯಿರಿ, ಬರೀ ನೀರು, ಬೆಲ್ಲದ ಕಾಫಿ ಕಷಾಯ ಯಾವುದೂ ಬೇಡ. ಹಿಂದಿನ ರಾತ್ರಿ ಅನ್ನ, ಸಿಹಿ ಕಮ್ಮಿ ಇರಲಿ. ರಕ್ತದಲ್ಲಿ ಸಕ್ಕರೆ 200 ದಾಟಿದ್ದರೆ ಹೆಚ್ಚಿನ ಕಡೆ ಸ್ಕ್ಯಾನ್ ಮುಂದಕ್ಕೆ ಹಾಕುತ್ತಾರೆ, ಯಾಕೆಂದರೆ ಮಾಮೂಲಿ ಸಕ್ಕರೆ ತುಂಬಿಕೊಂಡಿದ್ದರೆ ಮದ್ದಿನ ಸಕ್ಕರೆಗೆ ಜಾಗ ಸಿಗುವುದಿಲ್ಲ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಕರುಳೆಲ್ಲ ಹೊಳೆದು ಹೊಟ್ಟೆಯ ಚಿತ್ರ ಮಸುಕಾಗುತ್ತದೆ, ಎರಡು ದಿನ ಮೊದಲು ನಿಲ್ಲಿಸಬೇಕಾ ಅಂತ ನಿಮ್ಮ ಶುಗರ್ ಡಾಕ್ಟ್ರನ್ನೇ ಕೇಳಿ, ನೀವೇ ನಿಲ್ಲಿಸಬೇಡಿ. ಸ್ಕ್ಯಾನಿಗೆ ತೀರಾ ಮುಂಚೆ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆಯೆಲ್ಲ ಸ್ನಾಯುಗಳಿಗೆ ಹೋಗಿಬಿಡುತ್ತದೆ, ಅದನ್ನೂ ಕೇಳಿಟ್ಟುಕೊಳ್ಳಿ. ಹಿಂದಿನ ದಿನ ತೋಟದ ಕೆಲಸ ಬೇಡ. ದೋಟಿ ಹಿಡಿದು ಕೊನೆ ಕೊಯ್ದರೆ, ಗೊಬ್ಬರದ ಬುಟ್ಟಿ ಹೊತ್ತರೆ ಭುಜ ಬೆನ್ನಿನ ಸ್ನಾಯುಗಳು ಹೊಳೆಯುತ್ತವೆ.

ನಾವು ಹಿಂದಿನ ಸಂಜೆಯೇ ಆಗುಂಬೆ ಘಾಟಿ ಇಳಿದು ಕೆಳಗೆ ಉಳಿದುಕೊಂಡೆವು. ಮಳೆಗಾಲದಲ್ಲಿ ಘಾಟಿಯಲ್ಲಿ ಯಾವಾಗ ಮರ ಬೀಳುತ್ತದೋ ಮಣ್ಣು ಜಾರುತ್ತದೋ ಹೇಳಲಾಗದು, ಖಾಲಿ ಹೊಟ್ಟೆಯ ವಯಸ್ಸಾದವರನ್ನು ಆ ತಿರುವುಗಳಲ್ಲಿ ಬೆಳಗಿನ ಜಾವ ಕರೆದುಕೊಂಡು ಬರುವುದೂ ಕಷ್ಟ. ಹೊತ್ತಿಗೆ ಸರಿಯಾಗಿ ಇರಬೇಕು ಅನ್ನಲು ಇನ್ನೊಂದು ಕಾರಣವೂ ಇದೆ. ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ. ಬೆಳಿಗ್ಗೆ 7ಕ್ಕೆ ನೂರು ಪಾಲು ಇದ್ದದ್ದು 8:50ಕ್ಕೆ ಐವತ್ತು. ಇದನ್ನು ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ತಯಾರು ಮಾಡಿ, ಅದು ಇಲ್ಲದ ಊರಿಗೆ ಅದೇ ದಿನ ಗಾಡಿಯಲ್ಲಿ ತರಬೇಕು, ಗೋದಾಮಿನಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ. ನಮ್ಮ ದಿನ ಮದ್ದು ತಡವಾಗಿ ಬಂತು, ಎಲ್ಲರೂ ಕಾದರು. ತಡ ಆಗಿದ್ದಕ್ಕೆ ನಾನು ದೂರುವುದಿಲ್ಲ, ತಡ ಆಗುತ್ತದೆ ಅಂತ ಬಂದು ಒಂದು ಮಾತು ಯಾರೂ ಹೇಳಲಿಲ್ಲ ಅನ್ನುವುದಕ್ಕೆ ದೂರು.

ಒಳಗೆ ಹೋದ ಮೇಲೆ ಎಲ್ಲ ಬದಲಾಯಿತು. ಟೆಕ್ನಾಲಜಿಸ್ಟ್ ಒಬ್ಬ ಹುಡುಗಿ, ಕರಾವಳಿ ಕಡೆಯ ಮಾತು. ಅಪ್ಪಯ್ಯನ ಪಕ್ಕ ಕೂತು ಒಂದೊಂದೇ ಕೇಳಿದಳು. ಆಪರೇಷನ್ ಯಾವಾಗ ಆಯಿತು, ಕೀಮೋ ಯಾವಾಗ ಮುಗಿಯಿತು, ಇತ್ತೀಚೆಗೆ ಜ್ವರ ಬಂದಿತ್ತಾ, ಯಾವುದಾದರೂ ವ್ಯಾಕ್ಸಿನ್ ಹಾಕಿಸಿಕೊಂಡಿದ್ದೀರಾ, ಮೈಮೇಲೆ ಎಲ್ಲಾದರೂ ಗಾಯ ಇದೆಯಾ. ಅಪ್ಪಯ್ಯ ಇಲ್ಲ ಇಲ್ಲ ಅನ್ನುತ್ತಲೇ ಇದ್ದರು. ಅವಳು ಪಾದ ನೋಡಿದಳು. ಬಲಗಾಲಿನ ಬೆರಳ ಸಂದಿ ಒಡೆದು ಕೀವಾಗಿತ್ತು. ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ಓಡಾಡುವವರಿಗೆಲ್ಲ ಇರುವುದೇ, ಅದನ್ನು ಗಾಯ ಅಂತ ಅಪ್ಪಯ್ಯ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವಳು ಫಾರಮ್ಮಿನಲ್ಲಿ ಅದನ್ನು ಬರೆದು, ಅಡಿಗೆರೆ ಎಳೆದಳು. ಇದು ಯಾಕೆ ಮುಖ್ಯ ಅಂತ ಆಮೇಲೆ ಹೇಳುತ್ತೇನೆ.

ಅಪ್ಪಯ್ಯನ ಜೇಬಿನಲ್ಲಿ ಎಲೆ ಅಡಿಕೆ ಇತ್ತು. "ಅಜ್ಜಾ, ಇದು ಇವತ್ತು ಬೇಡ, ಜಗಿದರೆ ದವಡೆಯೇ ಹೊಳೀತದೆ" ಅಂತ ತೆಗೆದು ನನ್ನ ಕೈಗೆ ಕೊಟ್ಟಳು. ಮದ್ದು ಕೊಟ್ಟ ಮೇಲೆ ಮಾತಾಡುವುದೂ ಕಡಿಮೆ ಇರಬೇಕು, ಮೊಬೈಲ್ ಬೇಡ, ಸುಮ್ಮನೆ ಮಲಗಬೇಕು. ರೂಮು ತಣ್ಣಗಿದ್ದರೆ ಕುತ್ತಿಗೆ ಹೆಗಲಿನ ಹತ್ತಿರದ ಒಂದು ಬಗೆಯ ಕೊಬ್ಬು ಮೈ ಬೆಚ್ಚಗಿಡಲು ಸಕ್ಕರೆ ಎಳೆದುಕೊಳ್ಳುತ್ತದೆ, ಅದೂ ಚಿತ್ರದಲ್ಲಿ ಬರುತ್ತದೆ. ಅದಕ್ಕೆ ಕಂಬಳಿ ಹೊದಿಸಿದರು. ಆದರೂ ಎಸಿ ಜಾಸ್ತಿಯೇ ಇತ್ತು, ಮನೆಯಿಂದ ಒಂದು ಉಲ್ಲನ್ ಟೋಪಿ ಒಯ್ದಿರಿ.

ಬ್ಯಾಗಿನ ವಿಷಯದಲ್ಲಂತೂ ಆ ಹುಡುಗಿ ಮಾಡಿದ್ದು ನೋಡಿ ನನಗೆ ಧೈರ್ಯ ಬಂತು. ಸ್ಕ್ಯಾನಿಗೆ ಮೊದಲು ಹಳೆ ಬ್ಯಾಗ್ ಖಾಲಿ ಮಾಡಿಸಿ, ನಾವು ತಂದಿದ್ದ ಹೊಸದನ್ನು ಹಾಕಿಸಿದಳು. ನಳಿಕೆಯನ್ನು ಮೈಯಿಂದ ದೂರ, ತೊಡೆಯ ಹೊರಗಡೆಗೆ ಸರಿಸಿ ಟೇಪ್ ಹಚ್ಚಿದಳು. ಚರ್ಮದ ಮೇಲೆ, ಪಂಚೆಯ ಮೇಲೆ ಒಂದು ಹನಿ ಮೂತ್ರ ಬಿದ್ದಿದ್ದರೂ ಅದು ಚುಕ್ಕಿಯಾಗಿ ಕಾಣುತ್ತದೆ, ಮೂಳೆಗೆ ಹರಡಿದೆಯೋ ಅಂತ ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಹಾಗಾಗಿ ಒರೆಸಿ, ಬಟ್ಟೆಯನ್ನೂ ಬದಲಿಸಿದರು. ಬ್ಯಾಗ್ ಇರುವವರು ಒಂದು ಹೊಸ ಬ್ಯಾಗು, ಒಂದು ಜೊತೆ ಬಟ್ಟೆ ತಪ್ಪದೆ ಒಯ್ಯಿರಿ. ಫೋನಿನಲ್ಲಿ ಯಾರೂ ಹೇಳಲಿಲ್ಲ. ನಮ್ಮ ಹತ್ತಿರ ಇದ್ದದ್ದು ಅಮ್ಮ ಮೊದಲೇ ಚೀಲದಲ್ಲಿ ಇಟ್ಟಿದ್ದರಿಂದ.

ಅಪ್ಪಯ್ಯನ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತದ ಲೆಕ್ಕ, ಸ್ವಲ್ಪ ಏರಿತ್ತು. ಕಾಂಟ್ರಾಸ್ಟ್ ಇಂಜೆಕ್ಷನ್ ಕಿಡ್ನಿಗೆ ಭಾರ ಅಂತ ಅದನ್ನು ಬಿಟ್ಟರು. ಎಫ್‌ಡಿಜಿಯಿಂದ ಕಿಡ್ನಿಗೆ ಅಂಥ ತೊಂದರೆ ಇಲ್ಲ. ಮೂತ್ರನಾಳ ಕಟ್ಟಿ ಕಿಡ್ನಿ ಸೋತವರು ಈ ಕಾಯಿಲೆಯಲ್ಲಿ ಜಾಸ್ತಿ, ಅಂಥವರಿಗೆ ಪೆಟ್-ಸಿಟಿಯ ಒಂದು ದೊಡ್ಡ ಅನುಕೂಲ ಇದು.

ಮೊದಲ ಸುತ್ತು ತಲೆಬುರುಡೆಯ ಬುಡದಿಂದ ತೊಡೆಯವರೆಗೆ, ಅರ್ಧ ಗಂಟೆಯೊಳಗೆ ಮುಗಿಯಿತು. ಆಮೇಲೆ ಲಾಸಿಕ್ಸ್ ಕೊಟ್ಟು, ನೀರು ಕುಡಿಸಿ, ಬ್ಯಾಗ್ ಮತ್ತೆ ಖಾಲಿ ಮಾಡಿಸಿ, ಒಂದಷ್ಟು ಹೊತ್ತು ಬಿಟ್ಟು ಬರೀ ಸೊಂಟದ ಭಾಗಕ್ಕೆ ಎರಡನೇ ಸುತ್ತು. ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟ್ರು ಮರುದಿನ ನನ್ನನ್ನು ಕರೆದು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಮೊದಲ ಚಿತ್ರದಲ್ಲಿ ಎಡಗಡೆ ಎರಡು ಚುಕ್ಕಿ ಹೊಳೆಯುತ್ತಿದ್ದವು, ಒಂದರ ಕೆಳಗೆ ಒಂದು. ನೋಡಿದರೆ ಎರಡೂ ಒಂದೇ. ಎರಡನೇ ಚಿತ್ರದಲ್ಲಿ ಮೇಲಿನದು ಇರಲೇ ಇಲ್ಲ. ಅದು ಮೂತ್ರನಾಳದಲ್ಲಿ ನಿಂತಿದ್ದ ಮೂತ್ರ, ಹರಿದುಹೋಗಿತ್ತು. ಕೆಳಗಿನದು ಅಲ್ಲೇ ಇತ್ತು, ಇನ್ನೂ ಸ್ವಲ್ಪ ಗಾಢವಾಗಿತ್ತು. ಅದೇ ಆ 7 ಮಿಲಿಮೀಟರಿನ ಗ್ರಂಥಿ. ಎರಡನೇ ಸುತ್ತು ಮಾಡದಿದ್ದರೆ ಒಂದೋ ಎರಡೂ ಕ್ಯಾನ್ಸರ್ ಅಂತ ಬರೆಯಬೇಕಿತ್ತು, ಇಲ್ಲವೇ ಎರಡೂ ಮೂತ್ರ ಅಂತ ಬಿಡಬೇಕಿತ್ತು. ನಾನು ಆ ಪರದೆಯನ್ನು ನೋಡುತ್ತಾ ನಿಂತೆ. ಇಷ್ಟು ದಿನ ಸೊಂಟ ನೋವು ಅಂತ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ ಜಾಗದ ಒಳಗೆ ಅದು ಇತ್ತು.

ತೊಡೆಸಂದಿಯಲ್ಲಿ, ಬಲಗಡೆ, ಇನ್ನೊಂದು ಗ್ರಂಥಿ ಮಸುಕಾಗಿ ಹೊಳೆದಿತ್ತು. ಆ ಹುಡುಗಿ ಬರೆದಿದ್ದ ಕಾಲಿನ ಗಾಯ ಈಗ ಕೆಲಸಕ್ಕೆ ಬಂತು. ಕಾಲಿನಲ್ಲಿ ಕೀವಾದರೆ ಅದೇ ಕಡೆಯ ತೊಡೆಸಂದಿಯ ಗ್ರಂಥಿ ಊದಿಕೊಳ್ಳುತ್ತದೆ, ಊದಿಕೊಂಡ ಗ್ರಂಥಿಯೂ ಸಕ್ಕರೆ ಎಳೆಯುತ್ತದೆ. ರಿಪೋರ್ಟಿನಲ್ಲಿ ಅದು ಸೋಂಕಿನಿಂದ ಇರಬಹುದು ಅಂತ ಬರೆದರು. ಕಾಲು ವಾಸಿಯಾದ ಮೇಲೆ ಆ ಗ್ರಂಥಿ ಕೈಗೂ ಸಿಗದಷ್ಟು ಇಳಿಯಿತು. ಪೆಟ್-ಸಿಟಿಗೆ ಕ್ಯಾನ್ಸರ್ ಯಾವುದು ಸೋಂಕು ಯಾವುದು ಅಂತ ತಾನಾಗಿ ಗೊತ್ತಾಗುವುದಿಲ್ಲ. ಕ್ಷಯದ ಗ್ರಂಥಿ ಹೊಳೆಯುತ್ತದೆ, ಆಪರೇಷನ್ನಿನ ಹಸಿ ಗಾಯ ಹೊಳೆಯುತ್ತದೆ, ಚಿಕಿತ್ಸೆಗಾಗಿ ಮೂತ್ರಕೋಶದೊಳಗೆ ಬಿಸಿಜಿ ಎಂಬ ಮದ್ದು ಹಾಕಿಸಿಕೊಂಡವರಿಗೆ ಅದರ ಉರಿಯೂತವೂ ಹೊಳೆಯುತ್ತದೆ. ಹಾಗಾಗಿ ಫಾರಂ ತುಂಬುವಾಗ ಏನನ್ನೂ ಸಣ್ಣದು ಅಂತ ಬಿಡಬೇಡಿ. ಕೀಮೋ ಮುಗಿದು ಎರಡು ಮೂರು ವಾರ, ರೇಡಿಯೇಷನ್ ಮುಗಿದು ಎರಡು ಮೂರು ತಿಂಗಳು ಬಿಟ್ಟು ಮಾಡಿಸಲು ಹೇಳುವುದೂ ಇದೇ ಕಾರಣಕ್ಕೆ.

ಸೊಂಟದ ಗ್ರಂಥಿಗೆ ಸಿಟಿ ನೋಡಿಕೊಂಡು ಸೂಜಿ ಹಾಕಿ ಬಯಾಪ್ಸಿ ಮಾಡಿದರು. ಅದೇ ಕ್ಯಾನ್ಸರ್. ಶ್ವಾಸಕೋಶ, ಲಿವರ್, ಮೂಳೆ ಎಲ್ಲ ಸ್ವಚ್ಛ ಇದ್ದವು, ಈ ಕಾಯಿಲೆ ಹರಡುವ ಮುಖ್ಯ ಜಾಗಗಳು ಅವೇ. ಒಂದೇ ಸ್ಕ್ಯಾನಿನಲ್ಲಿ ಅಷ್ಟನ್ನೂ ನೋಡಿಬಿಟ್ಟರಲ್ಲ, ಅದು ನನಗೆ ದುಡ್ಡಿಗೆ ತಕ್ಕದ್ದು ಅನಿಸಿತು. ಈಗ ಕೀಮೋ ಶುರುವಾಗಿದೆ, ಕ್ರಿಯಾಟಿನಿನ್ ನೋಡಿ, ಕಿಡ್ನಿಗೆ ಹೆಚ್ಚು ಭಾರವಾಗುವ ಸಿಸ್‌ಪ್ಲಾಟಿನ್ ಬದಲು ಕಾರ್ಬೋಪ್ಲಾಟಿನ್ ಕೊಡುತ್ತಿದ್ದಾರೆ.

ಎಲ್ಲರಿಗೂ ಇದು ಬೇಕಾ? ಬೇಡ. ಮೂತ್ರಕೋಶ ಇನ್ನೂ ಇದ್ದು, ಗಡ್ಡೆ ಮೇಲುಪದರದಲ್ಲಿ ಮಾತ್ರ ಇದ್ದವರಿಗೆ ಸಿಸ್ಟೋಸ್ಕೋಪಿಯೇ ಬೇಕು, ದೂರ್ಬೀನು ಹಾಕಿ ಕಣ್ಣಲ್ಲಿ ನೋಡುವುದು. ಜೊತೆಗೆ ಮೂತ್ರದ ಸೈಟಾಲಜಿ, ಅಂದರೆ ಮೂತ್ರದಲ್ಲಿ ಕ್ಯಾನ್ಸರ್ ಕಣ ಇದೆಯಾ ಅಂತ ನೋಡುವ ಪರೀಕ್ಷೆ. ಸಿಸ್ಟೋಸ್ಕೋಪಿ ನೋವು, ಮುಜುಗರ ಅಂತ ಅದನ್ನು ತಪ್ಪಿಸಿ ಪೆಟ್-ಸಿಟಿ ಮಾಡಿಸಲು ನೋಡುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮಿದುಳು ಯಾವಾಗಲೂ ಸಕ್ಕರೆ ತಿನ್ನುವುದರಿಂದ ಅಲ್ಲಿ ಎಲ್ಲವೂ ಹೊಳೆಯುತ್ತದೆ, ಮಿದುಳಿನ ಅನುಮಾನಕ್ಕೆ ಎಂಆರ್‌ಐ ಬೇಕು. ಸ್ವಚ್ಛ ಅಂತ ರಿಪೋರ್ಟ್ ಬಂದರೂ ಪೂರ್ತಿ ನಂಬಿ ಕೂರುವ ಹಾಗಿಲ್ಲ. ಆಪರೇಷನ್ನಿಗೆ ಮೊದಲು ಗ್ರಂಥಿಗಳನ್ನು ನೋಡುವ ವಿಷಯದಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ರೋಗ ಇರುವವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರದ್ದನ್ನು ಮಾತ್ರ ಇದು ಹಿಡಿದಿದೆ. ತೀರಾ ಸಣ್ಣ ಗ್ರಂಥಿಗಳು ತಪ್ಪಿಹೋಗುತ್ತವೆ. ರೋಗ ಇಲ್ಲದವರಲ್ಲಿ ಇದೆ ಅಂತ ತೋರಿಸುವುದು ಮಾತ್ರ ಕಡಿಮೆ, ಹತ್ತರಲ್ಲಿ ಒಬ್ಬರಿಗೆ ಅನ್ನಬಹುದು. ಆ ಒಬ್ಬರು ನಾವೇ ಆಗಿರಬಹುದಲ್ವಾ, ಅದಕ್ಕೇ ಬಯಾಪ್ಸಿ. ಎಸ್‌ಯುವಿ ಅಂತ ರಿಪೋರ್ಟಿನಲ್ಲಿ ಒಂದು ನಂಬರ್ ಇರುತ್ತದೆ, ಆ ಜಾಗ ಎಷ್ಟು ಸಕ್ಕರೆ ಎಳೆದುಕೊಂಡಿದೆ ಅನ್ನುವ ಲೆಕ್ಕ. ತೂಕ, ಆ ದಿನದ ಶುಗರ್, ಎಷ್ಟು ಹೊತ್ತು ಕಾದರು ಎಲ್ಲದರಿಂದ ಅದು ಏರಿಳಿಯುತ್ತದೆ. ಮೊಬೈಲಿನಲ್ಲಿ ಆ ನಂಬರ್ ಹುಡುಕಿ ರಾತ್ರಿ ನಿದ್ದೆಗೆಡಬೇಡಿ.

ದುಡ್ಡು. ಸೆಂಟರಿನಿಂದ ಸೆಂಟರಿಗೆ ಸಾವಿರಾರು ರೂಪಾಯಿ ವ್ಯತ್ಯಾಸ ಇದೆ. ಆರೋಗ್ಯ ಕಾರ್ಡು, ಇನ್ಶೂರೆನ್ಸ್ ಇದ್ದವರು ಸ್ಕ್ಯಾನಿಗೆ ಮೊದಲೇ ಒಪ್ಪಿಗೆ ಬೇಕಾ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿಯಲ್ಲಿ ಚಿಕಿತ್ಸೆ ಆಗುತ್ತಿದ್ದರೆ ಅಲ್ಲೇ ಮಾಡಿಸುವುದು ಸಲೀಸು, ಫೈಲು ಒಂದೇ ಕಡೆ ಇರುತ್ತದೆ.

ಮನೆಗೆ ಬಂದ ಮೇಲೆ ಆ ದಿನವೆಲ್ಲ ನೀರು ಜಾಸ್ತಿ ಕುಡಿಸಿ, ಟಾಯ್ಲೆಟಿಗೆ ಎರಡು ಸಲ ನೀರು ಹಾಕಿ, ಬ್ಯಾಗ್ ಖಾಲಿ ಮಾಡುವವರು ಗ್ಲೌಸ್ ಹಾಕಿಕೊಳ್ಳಿ. ಚಿಕ್ಕ ಮಕ್ಕಳನ್ನು, ಬಸುರಿಯರನ್ನು ಕೆಲವು ಗಂಟೆ ದೂರ ಇಟ್ಟರೆ ಸಾಕು. ನಮ್ಮ ಕಾರಿನಲ್ಲಿ ಅಪ್ಪಯ್ಯ ಹಿಂದಿನ ಸೀಟಿನಲ್ಲಿ ಕೂತರು, ತಂಗಿಯ ಮಗುವನ್ನು ನಾವು ಕರೆದುಕೊಂಡೇ ಹೋಗಿರಲಿಲ್ಲ.

ರಿಪೋರ್ಟಿನ ಜೊತೆ ಚಿತ್ರಗಳ ಸಿಡಿ ಕೇಳಿ ತೆಗೆದುಕೊಳ್ಳಿ, ಬರೀ ಫಿಲ್ಮ್ ಸಾಲದು. ಇಂಜೆಕ್ಷನ್ ಕೊಟ್ಟ ಹೊತ್ತು, ಆ ದಿನದ ಶುಗರ್ ರಿಪೋರ್ಟಿನಲ್ಲಿ ಬರೆದಿದ್ದಾರಾ ನೋಡಿ. ಕೀಮೋ ಕೆಲಸ ಮಾಡಿತಾ ಅಂತ ನೋಡಲು ಮತ್ತೆ ಮಾಡಿಸುವಾಗ ಹಳೆಯದರ ಪಕ್ಕ ಇಟ್ಟೇ ಹೋಲಿಸುವುದು, ಅದೇ ಮೆಷಿನ್ ಆದರೆ ಹೋಲಿಕೆ ಸರಿಯಾಗಿ ಕೂರುತ್ತದೆ. ಅದಕ್ಕೇ ಮುಂದಿನ ಸಲವೂ ಅಲ್ಲಿಗೇ ಹೋಗುತ್ತೇವೆ. ಬುಕಿಂಗಿನವರ ಜೊತೆ ಮಾತ್ರ ನಾನೇ ಕಾಗದ ಹಿಡಿದು ಮಾತಾಡುತ್ತೇನೆ: ಬ್ಯಾಗ್ ಇದೆ, ಲಾಸಿಕ್ಸ್ ಬೇಕು, ಎರಡನೇ ಸುತ್ತು ಬೇಕು, ಕಾಂಟ್ರಾಸ್ಟ್ ಬೇಡ, ಸಿಡಿ ಸೇರಿ ಎಷ್ಟು?